ಮದುವೆಗೆ ಮೈಸೂರು ಕ್ರೇಪ್ ಸಿಲ್ಕ್ ತಗೊಳ್ಳೋ ಮುಂಚೆ

ಧಾರೆಗೋ ರಿಸೆಪ್ಷನ್‌ಗೋ ಕ್ರೇಪ್ ಸೀರೆ ನೋಡುತ್ತಿದ್ದೀರಾ? ಅಂಗಡಿಯಲ್ಲೇ ಒಂದ್ಸಲ ಮೈಮೇಲೆ ಹಾಕಿ ನೋಡಿ. ಕ್ರೇಪ್‌ಗೆ ನೂಲನ್ನು ತುಂಬಾ ಬಿಗಿಯಾಗಿ ಹುರಿ ಮಾಡಿ ನೇಯುತ್ತಾರೆ. ಅದಕ್ಕೇ ನೆರಿಗೆ ಮೈಗೆ ಅಂಟಿಕೊಂಡು ಇಳಿಯುತ್ತದೆ, ಕಾಂಜೀವರಂ ತರ ಉಬ್ಬಿ ನಿಲ್ಲುವುದಿಲ್ಲ. ತೆಳ್ಳಗಿರುವ ಮದುಮಗಳಿಗೆ ಇದು ಕೆಲವೊಮ್ಮೆ ಸಪ್ಪೆ ಅನಿಸಬಹುದು.

ಬಟ್ಟೆಯನ್ನು ಎರಡು ಬೆರಳ ನಡುವೆ ಉಜ್ಜಿ. ಚಿರೋಟಿ ರವೆಯಷ್ಟು ಸಣ್ಣ ತರಿ ಸಿಗಬೇಕು. ಆದರೆ ಪಾಲಿಯೆಸ್ಟರ್ ಕ್ರೇಪ್‌ನಲ್ಲೂ ತರಿ ಇರುತ್ತದೆ, ಅಲ್ವಾ? ಹಾಗಾಗಿ ಬಟ್ಟೆಯ ತುದಿಯ ಒಂದು ಎಳೆ (ಜರಿಯದ್ದಲ್ಲ) ಕೇಳಿ ಸುಟ್ಟು ನೋಡಿ. ರೇಷ್ಮೆಯಾದರೆ ಕೂದಲು ಸುಟ್ಟ ವಾಸನೆ, ಮುಟ್ಟಿದರೆ ಪುಡಿಯಾಗುವ ಬೂದಿ. ಪಾಲಿಯೆಸ್ಟರ್ ಕರಗಿ ಗಟ್ಟಿ ಮಣಿಯಾಗುತ್ತದೆ. ಕೆಎಸ್‌ಐಸಿ (ಕರ್ನಾಟಕ ಸರ್ಕಾರದ ರೇಷ್ಮೆ ನಿಗಮ) ಮಳಿಗೆಯಲ್ಲಿ ಈ ತಲೆನೋವಿಲ್ಲ, ಪ್ರತಿ ಸೀರೆಗೂ ಅದರದೇ ನಂಬರ್ ಇರುತ್ತದೆ.

ಬ್ಲೌಸ್ ಪೀಸನ್ನು ಮಾತ್ರ ನೀರಿಗೆ ಹಾಕಬೇಡಿ. ನಾನು ಕಾಟನ್ ತರ ನೆನೆಸಿ ಒಣಗಿಸಿದೆ. ಮುದುರಿಕೊಂಡು ತೋಳಿಗೇ ಬಟ್ಟೆ ಸಾಲಲಿಲ್ಲ! ಡ್ರೈ ಕ್ಲೀನೇ ಸರಿ.

ಇನ್ನೊಂದು, ಒಳಗೆ ಸ್ಯಾಟಿನ್ ಲಂಗ ಬೇಡ. ನೆರಿಗೆ ಜಾರುತ್ತಲೇ ಇರುತ್ತದೆ. ಕಾಟನ್ ಲಂಗವನ್ನೇ ಬಿಗಿಯಾಗಿ ಕಟ್ಟಿ.