ಸಾಮೂಹಿಕ ಇಮೇಲ್‌ಗಳು ಬೌನ್ಸ್ ಆದಾಗ ಸರ್ವರ್‌ನಲ್ಲಿ ಏನು ಮಾಡಬೇಕು?

ಶಿವಮೊಗ್ಗ ಸೀಮೆಯ ಅಡಿಕೆ ಸಹಕಾರ ಸಂಘವೊಂದು ರಾಶಿ, ಬೆಟ್ಟೆ, ಸರಕು, ಗೊರಬಲು ಎಂಬ ಅಡಿಕೆ ಬಗೆಗಳ ಧಾರಣೆಯನ್ನು ತನ್ನದೇ ಸರ್ವರ್‌ನಿಂದ ಸಾವಿರಾರು ಸದಸ್ಯರಿಗೆ ಇಮೇಲ್ ಮೂಲಕ ಕಳುಹಿಸುತ್ತದೆ ಎಂದುಕೊಳ್ಳೋಣ. ಅವುಗಳಲ್ಲಿ ಒಂದಷ್ಟು ತಲುಪದೆ ಬೌನ್ಸ್ ಆಗುವುದು ಸಹಜ. ಅದನ್ನು ಗಮನಿಸದೆ, ಇಲ್ಲದ ವಿಳಾಸಗಳಿಗೂ ಕಳುಹಿಸುತ್ತಲೇ ಹೋದರೆ ದೊಡ್ಡ ಮೇಲ್ ಸೇವೆಗಳು ಆ ಸರ್ವರನ್ನೇ ಅನುಮಾನಿಸುತ್ತವೆ. ಆಗ ಸರಿಯಾದ ವಿಳಾಸದ ಬೆಳೆಗಾರನಿಗೆ ಹೋದ ಧಾರಣೆಯೂ ಸ್ಪ್ಯಾಮ್ ಸೇರುತ್ತದೆ.

ಮೊದಲು ಬೌನ್ಸ್‌ಗಳಿಗೆ ಪ್ರತ್ಯೇಕ ವಿಳಾಸವಿರಲಿ. ಓದುಗರಿಗೆ ಕಾಣುವ ಕಳುಹಿಸಿದವರ ವಿಳಾಸ ಬೇರೆ, ಬೌನ್ಸ್ ಹಿಂದಿರುಗುವ ರಿಟರ್ನ್ ಪಾತ್ ವಿಳಾಸ ಬೇರೆ. ಈ ಎರಡನೆಯದರಲ್ಲಿ ‘ಬೌನ್ಸ್’ ಎಂಬ ಹೆಸರಿನ ಬಳಿಕ ಪ್ಲಸ್ ಚಿಹ್ನೆ, ಸದಸ್ಯತ್ವ ಸಂಖ್ಯೆ ಮತ್ತು ಒಂದು ಗುಪ್ತ ಸಂಕೇತವನ್ನು ಸೇರಿಸಿದರೆ, ಯಾರ ಮೇಲ್ ಮರಳಿತೆಂಬುದು ವಿಳಾಸದಿಂದಲೇ ತಿಳಿಯುತ್ತದೆ; ನಕಲಿ ಬೌನ್ಸ್ ಕಳುಹಿಸಿ ಸದಸ್ಯರನ್ನು ಪಟ್ಟಿಯಿಂದ ತೆಗೆಸುವುದಕ್ಕೂ ಆಸ್ಪದವಿರುವುದಿಲ್ಲ. ಹೀಗೆ ಪ್ರತಿಯೊಬ್ಬರಿಗೂ ಬೇರೆ ಬೇರೆ ರಿಟರ್ನ್ ಪಾತ್ ಕೊಡುವ ವಿಧಾನಕ್ಕೆ ವರ್ಪ್ (VERP) ಎನ್ನುತ್ತಾರೆ; ಪೋಸ್ಟ್‌ಫಿಕ್ಸ್ ಎಂಬ ಮೇಲ್ ಸರ್ವರ್ ತಂತ್ರಾಂಶ ಇದನ್ನು ಬೆಂಬಲಿಸುತ್ತದೆ.

ಬಳಿಕ ಬೌನ್ಸ್‌ನೊಳಗಿನ ಕೋಡ್ ಓದಬೇಕು. ಎಲ್ಲಕ್ಕಿಂತ ಹೆಚ್ಚು ಎಚ್ಚರ ಬೇಕಾದದ್ದು ಇಲ್ಲಿ. 4ರಿಂದ ಆರಂಭವಾಗುವ ಕೋಡ್ ತಾತ್ಕಾಲಿಕ ತೊಂದರೆಯನ್ನೂ 5ರಿಂದ ಆರಂಭವಾಗುವುದು ಶಾಶ್ವತ ನಿರಾಕರಣೆಯನ್ನೂ ಸೂಚಿಸುತ್ತದೆ. 5.1.1 ಎಂದರೆ ಅಂತಹ ಮೇಲ್‌ಬಾಕ್ಸ್ ಇಲ್ಲ. ಆ ವಿಳಾಸಕ್ಕೆ ಕಳುಹಿಸುವುದನ್ನು ತಕ್ಷಣ ನಿಲ್ಲಿಸಿ. 5.2.2 ಎಂದರೆ ಮೇಲ್‌ಬಾಕ್ಸ್ ತುಂಬಿದೆ. ಇದು 5ರಿಂದಲೇ ಆರಂಭವಾದರೂ ಎರಡು ಮೂರು ವಾರ ಕಾದು ನೋಡುವುದು ನ್ಯಾಯ. ಆದರೆ 5.7ರಿಂದ ಆರಂಭವಾಗುವ ಕೋಡ್ ಬಂದರೆ ಸದಸ್ಯರನ್ನು ಪಟ್ಟಿಯಿಂದ ಖಂಡಿತ ತೆಗೆಯಬೇಡಿ. ಸಾಮಾನ್ಯವಾಗಿ ಅಲ್ಲಿ ದೋಷವಿರುವುದು ಕಳುಹಿಸುವವರ ಕಡೆಗೆ: ಮೇಲ್ ನಿಜಕ್ಕೂ ನಿಮ್ಮ ಡೊಮೇನ್‌ನಿಂದಲೇ ಬಂದದ್ದೆಂದು ಖಚಿತಪಡಿಸುವ ಎಸ್‌ಪಿಎಫ್, ಡಿಕಿಮ್, ಡಿಮಾರ್ಕ್ ದಾಖಲೆಗಳು ತಪ್ಪಿರಬಹುದು, ಇಲ್ಲವೇ ಸರ್ವರ್ ಕಪ್ಪುಪಟ್ಟಿಗೆ ಸೇರಿರಬಹುದು. ಜಿಮೇಲ್ ಖಾತೆಗಳಿಗೆ ದಿನಕ್ಕೆ 5,000ಕ್ಕೂ ಹೆಚ್ಚು ಮೇಲ್ ಕಳುಹಿಸುವವರಿಗೆ ಈ ಮೂರನ್ನೂ ಜಿಮೇಲ್ 2024ರ ಫೆಬ್ರುವರಿಯಿಂದ ಕಡ್ಡಾಯಗೊಳಿಸಿದೆ. ಇದನ್ನು ಅರಿಯದೆ 5 ಕಂಡಲ್ಲೆಲ್ಲ ಹೆಸರು ಅಳಿಸುವ ಪ್ರೋಗ್ರಾಂ, ಒಂದೇ ರಾತ್ರಿಯಲ್ಲಿ ಅರ್ಧ ಪಟ್ಟಿಯನ್ನು ಖಾಲಿ ಮಾಡಬಲ್ಲದು.

ತಾತ್ಕಾಲಿಕ ತೊಂದರೆಗಳಿಗೆ ತಾಳ್ಮೆಯೇ ಬೇಕು. ಆಷಾಢದ ಮಳೆಗೆ ಹೊಸನಗರದ ಕಡೆ ಲೈನ್ ಮೇಲೆ ಮರ ಬಿದ್ದು ಕರೆಂಟ್ ಹೋದರೆ, ಅಲ್ಲಿನ ಶಾಖೆಯ ಸ್ವಂತ ಸರ್ವರ್ ಎರಡು ದಿನ ಉತ್ತರಿಸದಿರಬಹುದು. ಪೋಸ್ಟ್‌ಫಿಕ್ಸ್ ತಾನಾಗಿಯೇ 5 ದಿನಗಳವರೆಗೆ ಮತ್ತೆ ಮತ್ತೆ ಪ್ರಯತ್ನಿಸುತ್ತದೆ. ಕಾಯುತ್ತಿರುವ ಮೇಲ್‌ಗಳ ಸರದಿ ಬೆಳೆಯಿತೆಂದು ಈ ಅವಧಿಯನ್ನು ಕಡಿತಗೊಳಿಸುವುದು ಮಲೆನಾಡಿಗೆ ಹೊಂದುವ ಕ್ರಮವಲ್ಲ.

ಹೊರಗಿನಿಂದ ಬರುವ ಮೇಲ್‌ಗಳ ವಿಷಯದಲ್ಲಿ, ನಿಮ್ಮಲ್ಲಿ ಇಲ್ಲದ ವಿಳಾಸಕ್ಕೆ ಬಂದದ್ದನ್ನು ಸಂಪರ್ಕದ ಹಂತದಲ್ಲೇ ನಿರಾಕರಿಸಿ. ಒಮ್ಮೆ ಸ್ವೀಕರಿಸಿ ಆಮೇಲೆ ಬೌನ್ಸ್ ಮಾಡಿದರೆ, ಸ್ಪ್ಯಾಮ್ ಕಳುಹಿಸಿದವನು ಕದ್ದು ಬಳಸಿದ ಯಾರದೋ ವಿಳಾಸಕ್ಕೆ ಅದು ಹೋಗುತ್ತದೆ. ಬೌನ್ಸ್‌ಗೆ ಕಳುಹಿಸಿದವರ ವಿಳಾಸ ಖಾಲಿ ಇರುತ್ತದೆಯಾದ್ದರಿಂದ, ಅಂಥವುಗಳಿಗೆ ಸ್ವಯಂಚಾಲಿತ ಉತ್ತರ ಹೋಗದಂತೆಯೂ ನೋಡಿಕೊಳ್ಳಿ.

ಕಡೆಯದಾಗಿ, ಪಟ್ಟಿಯಿಂದ ತೆಗೆದ ಹೆಸರುಗಳನ್ನು ಅಳಿಸಿಹಾಕದೆ, ತೆಗೆದ ಕಾರಣ ಮತ್ತು ದಿನಾಂಕದೊಂದಿಗೆ ಆಯಾ ಶಾಖೆಗೆ ಕೊಡಿ. ಸದಸ್ಯರು ಮಂಡಿಗೆ ಅಡಿಕೆ ತಂದಾಗ ಹೊಸ ವಿಳಾಸವನ್ನು ಕೇಳಿ ಬರೆದುಕೊಳ್ಳಬಹುದು.