ಮೊಬೈಲ್ ಕ್ಲಿಪ್ ಟೈಮ್‌ಲೈನಿಗೆ ಕೂರದಿದ್ದರೆ ಮೊದಲು ಫೈಲಿನ ಒಳಗೆ ನೋಡಿ

ತುಮಕೂರಿನ ಯಾವುದೇ ಛತ್ರದ ಮದುವೆ ತೆಗೆದುಕೊಳ್ಳಿ, ಎಡಿಟಿಂಗ್‌ಗೆ ಬರುವ ಫುಟೇಜ್ ಮೂರ್ನಾಲ್ಕು ಕಡೆಯದು: ಸ್ಟುಡಿಯೋ ಕ್ಯಾಮೆರಾ, ಡ್ರೋನ್, ಹುಡುಗಿಯ ಚಿಕ್ಕಪ್ಪನ ಐಫೋನ್. ಒಂದು ಕ್ಲಿಪ್ ಸಲೀಸಾಗಿ ಓಡುತ್ತದೆ. ಇನ್ನೊಂದರಲ್ಲಿ ಮಂತ್ರ ಕೇಳುತ್ತದೆ, ಚಿತ್ರ ಕಪ್ಪು. ಮತ್ತೊಂದರಲ್ಲಿ ಗಟ್ಟಿಮೇಳದ ಹೊತ್ತಿಗೆ ಡೋಲಿನ ಮೇಲೆ ಕೋಲು ಬೀಳುವುದು ಒಂದು ಕ್ಷಣ, ಸದ್ದು ಬರುವುದು ಇನ್ನೊಂದು ಕ್ಷಣ. ಇಂಥ ಹೊತ್ತಲ್ಲಿ ಎಲ್ಲವನ್ನೂ ಯಾವುದೋ ಕನ್ವರ್ಟರಿಗೆ ತುರುಕಬೇಡಿ. ರಾತ್ರಿಯೆಲ್ಲ ಕಂಪ್ಯೂಟರ್ ಓಡಿ, ಚಿತ್ರದ ಗುಣಮಟ್ಟ ಇಳಿದು, ತೊಂದರೆ ಮಾತ್ರ ಹಾಗೇ ಉಳಿದಿರಬಹುದು.

ಎಂಪಿ4, ಎಂಒವಿ, ಎಂಕೆವಿ ಇವೆಲ್ಲ ಬರೀ ಡಬ್ಬಿಗಳು. ಒಳಗಿರುವ ಚಿತ್ರವನ್ನು ಯಾವ ಕೋಡೆಕ್‌ನಲ್ಲಿ (ಚಿತ್ರವನ್ನು ಕುಗ್ಗಿಸುವ ವಿಧಾನದಲ್ಲಿ) ಕಟ್ಟಿದ್ದಾರೆ ಎಂಬುದೇ ಬೇರೆ ವಿಷಯ. ಫೈಲ್ ಹೆಸರಿನ ಕೊನೆಯ ಅಕ್ಷರ ಬದಲಿಸಿದರೆ ಡಬ್ಬಿಯ ಮೇಲಿನ ಚೀಟಿ ಬದಲಾಯಿತು, ಅಷ್ಟೇ.

ಒಳಗೆ ನೋಡಲು ಮೀಡಿಯಾಇನ್ಫೊ ಎಂಬ ಉಚಿತ ತಂತ್ರಾಂಶ ಸಾಕು. ಕ್ಲಿಪ್ಪನ್ನು ಅದರ ಮೇಲೆ ಎಳೆದು ಬಿಡಿ, ವ್ಯೂ ಮೆನುವಿನಲ್ಲಿ ಟೆಕ್ಸ್ಟ್ ಆರಿಸಿ. ವಿಡಿಯೋ ವಿಭಾಗದಲ್ಲಿ ನಾಲ್ಕು ಸಾಲು ಓದಿ: ಫಾರ್ಮ್ಯಾಟ್ (ಅಂದರೆ ಕೋಡೆಕ್), ಬಿಟ್ ಡೆಪ್ತ್ (ಬಣ್ಣದ ಛಾಯೆಗಳು ಎಷ್ಟು ಸೂಕ್ಷ್ಮ), ಕ್ರೋಮಾ ಸಬ್‌ಸ್ಯಾಂಪ್ಲಿಂಗ್ (ಬಣ್ಣದ ವಿವರ ಎಷ್ಟು ಉಳಿಸಿದ್ದಾರೆ), ಫ್ರೇಮ್ ರೇಟ್ ಮೋಡ್ (ಸೆಕೆಂಡಿಗೆ ಬರುವ ಫ್ರೇಮ್ ಸಂಖ್ಯೆ ಸ್ಥಿರವೋ, ಬದಲಾಗುತ್ತದೋ). ಮುಂದೇನು ಮಾಡಬೇಕೆಂದು ಈ ನಾಲ್ಕೇ ಹೇಳುತ್ತವೆ.

ಚಿತ್ರ ಕಪ್ಪಾಗಿದ್ದರೆ ಅಥವಾ ತಡವರಿಸಿ ಓಡುತ್ತಿದ್ದರೆ ಮೊದಲ ಮೂರು ಸಾಲು ನೋಡಿ. ಫಾರ್ಮ್ಯಾಟ್ ಎಚ್‌ಇವಿಸಿ, ಅಂದರೆ ಎಚ್.265 ಎಂದಿದ್ದರೆ ಹಳೆಯ ಕಂಪ್ಯೂಟರಿಗೆ ಅದು ಭಾರ. ಜೊತೆಗೆ 10 ಬಿಟ್, 4:2:2 ಎಂದೂ ಇದ್ದರೆ ಒಳ್ಳೆಯ ಗ್ರಾಫಿಕ್ಸ್ ಕಾರ್ಡೂ ಕೈ ಕೊಡಬಹುದು. ಎನ್‌ವಿಡಿಯಾ ಕಾರ್ಡುಗಳು 4:2:2 ವಿಡಿಯೋವನ್ನು ತಾವೇ ಬಿಚ್ಚಲು ಶುರುಮಾಡಿದ್ದು 2025ರ ಆರ್‌ಟಿಎಕ್ಸ್ 50 ಸರಣಿಯಿಂದ. ಅದಕ್ಕೂ ಹಿಂದಿನ ಕಾರ್ಡಿದ್ದರೆ ಹೊರೆಯೆಲ್ಲ ಪ್ರೊಸೆಸರ್ ಮೇಲೆ. ಲಿನಕ್ಸ್‌ನಲ್ಲಿ ಡಾವಿಂಚಿ ರಿಸಾಲ್ವ್ ಎಂಬ ಎಡಿಟಿಂಗ್ ತಂತ್ರಾಂಶದ ಉಚಿತ ಆವೃತ್ತಿ ಬಳಸುವವರಿಗೆ ಎಚ್.265, ಅದರ ಹಿಂದಿನ ಕೋಡೆಕ್ ಎಚ್.264 ಎರಡೂ ತೆರೆಯುವುದಿಲ್ಲ. ಅದು ಫೈಲಿನ ತಪ್ಪಲ್ಲ, ಡಿಎನ್‌ಎಕ್ಸ್‌ಎಚ್‌ಆರ್ ಎಂಬ ಎಡಿಟಿಂಗ್ ಕೋಡೆಕ್‌ಗೆ ಬದಲಿಸಿಕೊಳ್ಳಬೇಕು.

ಕ್ಲಿಪ್ ತೆರೆದುಕೊಂಡು ಬರೀ ತಡವರಿಸುತ್ತಿದ್ದರೆ ಪ್ರಾಕ್ಸಿ, ಅಂದರೆ ಹಗುರವಾದ ನಕಲು ಮಾಡಿ. ಪ್ರೀಮಿಯರ್ ತಂತ್ರಾಂಶದಲ್ಲಿ ಕ್ಲಿಪ್ ಮೇಲೆ ರೈಟ್ ಕ್ಲಿಕ್, ಪ್ರಾಕ್ಸಿ, ಕ್ರಿಯೇಟ್ ಪ್ರಾಕ್ಸೀಸ್. ರಿಸಾಲ್ವ್‌ನಲ್ಲಿ ರೈಟ್ ಕ್ಲಿಕ್ ಮಾಡಿ ಜನರೇಟ್ ಪ್ರಾಕ್ಸಿ ಮೀಡಿಯಾ. ಎಡಿಟಿಂಗ್ ಹಗುರ ಪ್ರತಿಯಲ್ಲಿ ನಡೆಯುತ್ತದೆ, ಎಕ್ಸ್‌ಪೋರ್ಟ್ ಮೂಲದಿಂದಲೇ ಆಗುತ್ತದೆ. ತೆರೆಯುವುದೇ ಇಲ್ಲ ಎಂದಾಗ ಮಾತ್ರ ಪ್ರೋರೆಸ್ 422 ಎಂಬ ಎಡಿಟಿಂಗ್ ಕೋಡೆಕ್‌ಗೆ ಬದಲಿಸಿ. ಡಿಸ್ಕ್‌ನಲ್ಲಿ ಜಾಗ ಇದೆಯೇ ನೋಡಿಕೊಳ್ಳಿ: 1080ಪಿ, 25 ಫ್ರೇಮಿನಲ್ಲಿ ಒಂದು ಗಂಟೆಗೆ ಸುಮಾರು 55 ಜಿಬಿ, 4ಕೆ ಆದರೆ ಸುಮಾರು 220 ಜಿಬಿ.

ಸದ್ದು ಜಾರುವ ತೊಂದರೆಗೆ ಹೆಚ್ಚು ತಾಳ್ಮೆ ಬೇಕು. ಕ್ಲಿಪ್ಪಿನ ಮೊದಲ ನಿಮಿಷದಲ್ಲಿ ಒಂದು ಡೋಲಿನ ಪೆಟ್ಟು ಹಿಡಿಯಿರಿ, ಕೊನೆಯ ನಿಮಿಷದಲ್ಲಿ ಇನ್ನೊಂದು. ಎರಡು ಕಡೆಯೂ ಅಂತರ ಅಷ್ಟೇ ಇದ್ದರೆ ಆಡಿಯೋವನ್ನು ಆರೇಳು ಫ್ರೇಮ್ ಸರಿಸಿದರೂ ಕೆಲಸ ಮುಗಿಯಬಹುದು. ಮೊದಲು ಸರಿಯಿದ್ದು ಬರಬರುತ್ತಾ ಹೆಚ್ಚಿದ್ದರೆ ನಾಲ್ಕನೇ ಸಾಲು ನೋಡಿ. ಅಲ್ಲಿ ವೇರಿಯಬಲ್ ಎಂದಿರುತ್ತದೆ. ಮೊಬೈಲ್ ಬೆಳಕಿಗೆ ತಕ್ಕಂತೆ ಫ್ರೇಮ್ ಸಂಖ್ಯೆ ಏರಿಳಿಸುತ್ತದೆ. ಮಂಟಪದ ದೀಪದಡಿ 30, ಊಟದ ಹಾಲಿನ ಮಬ್ಬಿನಲ್ಲಿ 24. ಎಡಿಟಿಂಗ್ ತಂತ್ರಾಂಶ ಒಂದೇ ವೇಗ ಅಂದುಕೊಂಡು ಲೆಕ್ಕ ಹಾಕಿದರೆ ಚಿತ್ರ ಒಂದು ಕಡೆ, ದನಿ ಒಂದು ಕಡೆ. 29.97 ಇರುವುದನ್ನು 30 ಎಂದು ಓಡಿಸಿದರೂ ಒಂದು ಗಂಟೆಗೆ 3.6 ಸೆಕೆಂಡ್ ಜಾರುತ್ತದೆ. ಮಾಂಗಲ್ಯಧಾರಣೆಗೆ ಅದು ಸಣ್ಣ ತಪ್ಪಲ್ಲ.

ಇದಕ್ಕೆ ಹ್ಯಾಂಡ್‌ಬ್ರೇಕ್ ಎಂಬ ಉಚಿತ ಕನ್ವರ್ಟರ್ ಬಳಸಿ. ವಿಡಿಯೋ ಟ್ಯಾಬ್‌ನಲ್ಲಿ ಎಚ್.264 ಆರಿಸಿ, ಫ್ರೇಮ್ ರೇಟ್‌ಗೆ ಕ್ಲಿಪ್ಪಿನದೇ ಹತ್ತಿರದ ಸಂಖ್ಯೆ ಕೊಡಿ, ಸಾಮಾನ್ಯವಾಗಿ 30. ಅದರ ಕೆಳಗೆ ಕಾನ್‌ಸ್ಟಂಟ್ ಫ್ರೇಮ್‌ರೇಟ್ ಗುರುತು ಮಾಡುವುದನ್ನು ಮರೆಯಬೇಡಿ, ಕೆಲಸ ಕೆಡುವುದು ಇಲ್ಲೇ. ಗುಣಮಟ್ಟದ ಆರ್‌ಎಫ್ 16ರಿಂದ 18 (ಸಂಖ್ಯೆ ಕಡಿಮೆಯಾದಷ್ಟೂ ಗುಣಮಟ್ಟ ಹೆಚ್ಚು). ಎಲ್ಲವನ್ನೂ ಕೈಯಾರೆ ತುಂಬಲು ಬೇಡವೆಂದರೆ ಪ್ರೊಡಕ್ಷನ್ ಗುಂಪಿನ ಪ್ರೊಡಕ್ಷನ್ ಸ್ಟ್ಯಾಂಡರ್ಡ್ ಪ್ರೀಸೆಟ್ ಎಡಿಟಿಂಗ್‌ಗೆಂದೇ ಇದೆ. ಟೈಮ್‌ಲೈನಲ್ಲಿ ಈಗಾಗಲೇ ಕತ್ತರಿಸಿದ ಮೇಲೆ ಮಾಡಬೇಡಿ, ಕತ್ತರಿಸಿದ ಜಾಗಗಳೆಲ್ಲ ಸರಿದು ಕೂರುತ್ತವೆ.

ಎಂಕೆವಿ ಡಬ್ಬಿ ತೆರೆಯದಿದ್ದರೆ ಪರಿಹಾರ ಸುಲಭ. ಒಬಿಎಸ್ ಎಂಬ ರೆಕಾರ್ಡಿಂಗ್ ತಂತ್ರಾಂಶದಲ್ಲಿ ಫೈಲ್ ಮೆನುವಿನ ರೀಮಕ್ಸ್ ರೆಕಾರ್ಡಿಂಗ್ಸ್ ಡಬ್ಬಿ ಮಾತ್ರ ಬದಲಿಸುತ್ತದೆ. ನಿಮಿಷಗಳ ಕೆಲಸ, ಗುಣಮಟ್ಟ ಕೂದಲೆಳೆಯಷ್ಟೂ ಇಳಿಯುವುದಿಲ್ಲ.

ಹಳೆಯ ಹ್ಯಾಂಡಿಕ್ಯಾಮ್ ಕಾರ್ಡುಗಳ ವಿಷಯದಲ್ಲಿ ಎಚ್ಚರ. ಎವಿಸಿಎಚ್‌ಡಿ ಫೋಲ್ಡರಿನಿಂದ ಎಂಟಿಎಸ್ ಎಂಬ ವಿಡಿಯೋ ಫೈಲುಗಳನ್ನಷ್ಟೇ ಆರಿಸಿ ಕಾಪಿ ಮಾಡಿದರೆ ಉದ್ದ ಕ್ಲಿಪ್ ತುಂಡಾದ ಕಡೆ ದನಿ ಟಪ್ಪೆಂದು ನಿಲ್ಲಬಹುದು. ತುಂಡುಗಳು ಹೇಗೆ ಸೇರುತ್ತವೆ ಎಂಬ ಲೆಕ್ಕ ಪಕ್ಕದ ಫೋಲ್ಡರುಗಳಲ್ಲಿರುತ್ತದೆ. ಪ್ರೈವೇಟ್ ಎಂಬ ಇಡೀ ಫೋಲ್ಡರನ್ನೇ ಕಾಪಿ ಮಾಡಿ, ಪ್ರೀಮಿಯರ್‌ನ ಮೀಡಿಯಾ ಬ್ರೌಸರ್ ಮೂಲಕ ಒಳತನ್ನಿ. ಪೆನ್‌ಡ್ರೈವ್ ಫ್ಯಾಟ್32 ಆಗಿದ್ದರೆ 4 ಜಿಬಿಗಿಂತ ದೊಡ್ಡ ಫೈಲ್ ಹಿಡಿಯುವುದಿಲ್ಲ, ಎಕ್ಸ್‌ಫ್ಯಾಟ್‌ಗೆ ಫಾರ್ಮ್ಯಾಟ್ ಮಾಡಿಕೊಳ್ಳಿ.

ರೆಕಾರ್ಡಿಂಗ್ ನಡುವೆ ಬ್ಯಾಟರಿ ಸತ್ತ ಫೈಲ್ ಎಲ್ಲೂ ತೆರೆಯದಿದ್ದರೆ ಕನ್ವರ್ಟರ್ ಏನೂ ಮಾಡಲಾರದು. ಫೈಲಿನೊಳಗೆ ಏನು ಎಲ್ಲಿದೆ ಎಂಬ ಪಟ್ಟಿಯನ್ನೇ ಕ್ಯಾಮೆರಾ ಬರೆದು ಮುಗಿಸಿಲ್ಲ. ಅದೇ ಕ್ಯಾಮೆರಾದಲ್ಲಿ, ಅದೇ ಸೆಟ್ಟಿಂಗ್‌ನಲ್ಲಿ ತೆಗೆದ ಚೆನ್ನಾಗಿರುವ ಕ್ಲಿಪ್ ಒಂದನ್ನು ಮಾದರಿಗೆ ಕೊಟ್ಟು ಅನ್‌ಟ್ರಂಕ್ ಎಂಬ ರಿಪೇರಿ ತಂತ್ರಾಂಶದಲ್ಲಿ ಪ್ರಯತ್ನಿಸಿ. ಅಲ್ಲಿಯವರೆಗೆ ಆ ಕಾರ್ಡಿಗೆ ಬೇರೇನೂ ಬರೆಯಬೇಡಿ.

ಮುಂದಿನ ಮದುವೆಗೆ ನೆಂಟರ ಐಫೋನ್ ಕೈಗೆ ಸಿಕ್ಕರೆ ಎರಡು ನಿಮಿಷ ಅವರ ಪಕ್ಕ ಕೂರಿ. ಸೆಟ್ಟಿಂಗ್ಸ್, ಕ್ಯಾಮೆರಾ, ಫಾರ್ಮ್ಯಾಟ್ಸ್‌ನಲ್ಲಿ ಮೋಸ್ಟ್ ಕಂಪ್ಯಾಟಿಬಲ್. ರೆಕಾರ್ಡ್ ವಿಡಿಯೋದಲ್ಲಿ 1080ಪಿ 30 ಅಥವಾ 4ಕೆ 30 ಆರಿಸಿ, ಏಕೆಂದರೆ 4ಕೆ 60 ಎಚ್‌ಇವಿಸಿಯಲ್ಲೇ ಆಗುತ್ತದೆ. ಎಚ್‌ಡಿಆರ್ ವಿಡಿಯೋ ಆಫ್ ಮಾಡಿ, ಇಲ್ಲದಿದ್ದರೆ ಮಾಮೂಲಿ ಟೈಮ್‌ಲೈನಲ್ಲಿ ಸೀರೆಯ ಜರಿ ಅಂಚು ಬೆಳ್ಳಗೆ ಸುಟ್ಟಂತೆ ಕಾಣುತ್ತದೆ. ಆಟೋ ಎಫ್‌ಪಿಎಸ್ ಕೂಡ ಆಫ್. ವಾಟ್ಸ್ಆ್ಯಪ್‌ನಲ್ಲಿ ಕಳಿಸುವುದಾದರೆ ಗ್ಯಾಲರಿಯಿಂದ ಬೇಡ, ಡಾಕ್ಯುಮೆಂಟ್ ಆಗಿ ಕಳಿಸಲು ಹೇಳಿ, 2 ಜಿಬಿವರೆಗೆ ಮೂಲ ಫೈಲೇ ಬರುತ್ತದೆ.