ಫಾಕ್ಸ್‌ನ ಶೀಲ್ಡ್ ಮೇಲೆ ಮಾರ್ಥ್‌ನ ಫೇರ್: ನನ್ನ ಅನುಭವ

ಸೂಪರ್ ಸ್ಮ್ಯಾಶ್ ಬ್ರದರ್ಸ್ ಮೆಲೀ ಎಂಬ ಹೊಡೆದಾಟದ ವಿಡಿಯೋ ಗೇಮ್‌ನಲ್ಲಿ ಕತ್ತಿ ಹಿಡಿದ ಪಾತ್ರವಾದ ಮಾರ್ಥ್ ಆಡುವವರು, ಇನ್ನೊಂದು ಪಾತ್ರವಾದ ಫಾಕ್ಸ್‌ನ ಶೀಲ್ಡ್ (ಹೊಡೆತ ತಡೆಯುವ ಗುರಾಣಿ) ಮೇಲೆ ನೆಗೆದು ಹೊಡೆಯಬಾರದು, ನೆಲದ ಮೇಲಿದ್ದೇ ಡೌನ್ ಟಿಲ್ಟ್ (ಬಗ್ಗಿ ಹೊಡೆಯುವುದು) ಮತ್ತು ಗ್ರ್ಯಾಬ್‌ಗಳಿಂದ (ಎದುರಾಳಿಯನ್ನು ಹಿಡಿಯುವುದರಿಂದ) ಕೆಲಸ ಸಾಧಿಸಬೇಕು ಎಂಬ ಮಾತನ್ನು ಅಮೆರಿಕದ ನಮ್ಮ ಊರಿನ ವಾರದ ಟೂರ್ನಿಗೆ ಸೇರಿದಂದಿನಿಂದ ಕೇಳುತ್ತಾ ಬಂದಿದ್ದೇನೆ. ಹಿಂದಕ್ಕೆ ಸರಿಯುತ್ತಾ ಹೊಡೆಯುವ ನನ್ನ ಫೇರ್ (ಗಾಳಿಯಲ್ಲಿದ್ದು ಮುಂದಕ್ಕೆ ಬೀಸುವ ಹೊಡೆತ) ನೋಡಿ, ಇದರಲ್ಲಿ ಒತ್ತಡವೇ ಇಲ್ಲವೆಂದು ನನಗಿಂತ ಹಳಬರಾದ ಇಬ್ಬರು ಮೂವರು ಹೇಳಿದ್ದರು. ಈಗ ಒಂದು ವರ್ಷದಿಂದ ಅವರ ಫಾಕ್ಸ್‌ಗಳೇ ಈ ಹೊಡೆತದೆದುರು ವೇದಿಕೆಯ ಅಂಚಿಗೆ ಸೇರುತ್ತಿವೆ. ಆದ್ದರಿಂದ ವಿಧಾನವನ್ನು ಬರೆದಿಡುತ್ತಿದ್ದೇನೆ.

ಮೊದಲು ಕಾಲದ ಲೆಕ್ಕ. ಫೇರ್ ನಾಲ್ಕನೆಯ ಫ್ರೇಮಿನಲ್ಲಿ (ಒಂದು ಫ್ರೇಮ್ ಎಂದರೆ ಸೆಕೆಂಡಿನ ಅರವತ್ತನೆಯ ಒಂದು ಭಾಗ) ಹೊರಬರುತ್ತದೆ. ಎಲ್-ಕ್ಯಾನ್ಸಲ್ (ನೆಲ ಮುಟ್ಟುವ ಮುನ್ನ ಶೀಲ್ಡ್ ಗುಂಡಿ ಒತ್ತುವುದು) ಆದರೆ ಇಳಿದ ಮೇಲಿನ ಲ್ಯಾಗ್ (ಏನೂ ಮಾಡಲಾಗದ ಕಾಲ) 15ರಿಂದ 7ಕ್ಕೆ ಇಳಿಯುತ್ತದೆ. ಶೀಲ್ಡ್ ಹಿಡಿದವನಿಗೆ ಸುಮಾರು 6 ಫ್ರೇಮ್ ಸ್ಟನ್ (ಶೀಲ್ಡ್‌ನಲ್ಲೇ ಸಿಕ್ಕಿಕೊಂಡಿರುವ ಕಾಲ), ಕತ್ತಿಯ ತುದಿ ತಗುಲಿದರೆ ಇನ್ನೊಂದು ಫ್ರೇಮ್ ಹೆಚ್ಚು. ಅಂದರೆ ಇಳಿಯುವ ಕ್ಷಣಕ್ಕೆ ಅಂಟಿಕೊಂಡಂತೆ ಹೊಡೆದರೆ ಇಬ್ಬರೂ ಹೆಚ್ಚುಕಡಿಮೆ ಒಟ್ಟಿಗೇ ಬಿಡುಗಡೆಯಾಗುತ್ತೇವೆ. ಏರುತ್ತಿರುವಾಗಲೇ ಹೊಡೆದರೆ ಸ್ಟನ್ ಮುಗಿದ ಮೇಲೂ ಗಾಳಿಯಲ್ಲೇ ಇರಬೇಕಾಗುತ್ತದೆ, ಅಷ್ಟರಲ್ಲಿ ಫಾಕ್ಸ್ ಬೇಕಾದದ್ದನ್ನು ಮಾಡಬಲ್ಲ. ಇದು ಎಲ್ಲರಿಗೂ ಗೊತ್ತಿರುವ ವಿಷಯವೇ. ಆದರೆ ತಡವಾಗಿ ಹೊಡೆಯುವುದೊಂದನ್ನೇ ನೆಚ್ಚಿಕೊಂಡಿದ್ದ ಮೊದಲ ತಿಂಗಳುಗಳಲ್ಲಿ ಫಲ ಸಿಗಲಿಲ್ಲ, ಏಕೆಂದರೆ ಫಾಕ್ಸ್ ಶೀಲ್ಡ್‌ನಿಂದಲೇ ನೆಗೆದು ಶೈನ್ (ಅವನ ಮೈ ಸುತ್ತ ಥಟ್ಟನೆ ಹೊಮ್ಮುವ ಹೊಡೆತ) ಹೊಡೆಯಲು ನಾಲ್ಕು ಫ್ರೇಮ್ ಸಾಕು. ಒಂದೆರಡು ಫ್ರೇಮ್ ತಪ್ಪಿದರೂ ಶೈನ್ ತಗಲುತ್ತದೆ, ತೀರಾ ತಡವಾದರೆ ಕತ್ತಿ ಹೊರಬರುವ ಮೊದಲೇ ಮಾರ್ಥ್ ನೆಲ ಮುಟ್ಟಿ ಗ್ರ್ಯಾಬ್‌ಗೆ ಸಿಕ್ಕಿಬೀಳುತ್ತಾನೆ.

ಕಾಲವನ್ನು ಇನ್ನಷ್ಟು ಬಿಗಿಗೊಳಿಸುವುದರಲ್ಲಿ ಪರಿಹಾರವಿರಲಿಲ್ಲ, ಅದು ಅಂತರದಲ್ಲಿತ್ತು. ಶೈನ್ ಮತ್ತು ಗ್ರ್ಯಾಬ್ ಎರಡರ ಚಾಚೂ ಮಾರ್ಥ್‌ನ ಕತ್ತಿಯ ತುದಿಗಿಂತ ಬಹಳ ಕಡಿಮೆ. ಆದ್ದರಿಂದ ನಾನು ಮುಂದಕ್ಕೆ ಶಾರ್ಟ್ ಹಾಪ್ (ಗಿಡ್ಡ ನೆಗೆತ) ಮಾಡಿ, ನೆಗೆತದ ತುದಿಯಲ್ಲಿ ಕಂಟ್ರೋಲರ್‌ನ ಕೋಲನ್ನು ಹಿಂದಕ್ಕೆಳೆದು, ಫಾಸ್ಟ್ ಫಾಲ್ (ಬೇಗ ಕೆಳಗೆ ಬೀಳುವುದು) ಕೊಟ್ಟು, ಮತ್ತೆ ಹಿಂದಕ್ಕೆ ಒತ್ತಿ ಹಿಡಿದು, ಸಿ-ಸ್ಟಿಕ್‌ನಿಂದ (ಹೊಡೆಯಲು ಬಳಸುವ ಎರಡನೆಯ ಕೋಲಿನಿಂದ) ಫೇರ್ ಬಿಡುತ್ತೇನೆ. ಹೊಡೆತ ತಗಲುವ ಹೊತ್ತಿಗೆ ನನ್ನ ದೇಹ ಆಗಲೇ ಹಿಂದೆ ಸರಿಯುತ್ತಿರಬೇಕು. ಹೊಡೆದ ಮೇಲೆ ಸರಿಯಲು ಹೊರಟರೆ ನೆಲ ಬಂದುಬಿಡುತ್ತದೆ. ಫಾಸ್ಟ್ ಫಾಲ್ ಒತ್ತುವ ಕ್ಷಣಕ್ಕೆ ಪರದೆಯ ಮೇಲೆ ನಾನೊಂದು ಗುರುತನ್ನು ಇಟ್ಟುಕೊಂಡಿದ್ದೇನೆ. ಅದು ಟೂರ್ನಿಯಲ್ಲಿ ನನಗೆ ಇನ್ನೂ ಬೇಕಾಗಿರುವುದರಿಂದ ಇಲ್ಲಿ ಹೇಳುವುದಿಲ್ಲ.

ಒತ್ತಡ ಹೋಗುತ್ತದೆ ಎಂದವರು ನೋಡದೆ ಬಿಟ್ಟದ್ದು ಹೊಡೆತದ ನಂತರದ ಅರ್ಧ ಸೆಕೆಂಡನ್ನು. ಶೈನ್, ಗ್ರ್ಯಾಬ್ ಎರಡೂ ಮುಟ್ಟದಿದ್ದಾಗ ಫಾಕ್ಸ್‌ಗೆ ಉಳಿಯುವುದು ಹಿಂದಕ್ಕೆ ವೇವ್‌ಡ್ಯಾಶ್ (ನೆಲದ ಮೇಲೆ ಜಾರುವುದು), ಉರುಳುವುದು, ಇಲ್ಲವೇ ನೆಗೆಯುವುದು. ನಾನು ಇಳಿದೊಡನೆ ಶೀಲ್ಡ್ ಅನ್ನು ಮತ್ತೆ ಹೊಡೆಯಲು ಹೋಗದೆ ಒಂದು ಹೆಜ್ಜೆ ಹಿಂದೆ ಡ್ಯಾಶ್ ಮಾಡಿ, ಅವನು ಹೊರಟ ದಿಕ್ಕಿಗೆ ಗ್ರ್ಯಾಬ್ ಹಾಕುತ್ತೇನೆ. ಅಂಚಿನ ಬಳಿ ಹಿಂದೆ ಸರಿಯಲು ಅವನಿಗೆ ಜಾಗವೇ ಇರುವುದಿಲ್ಲವಾದ್ದರಿಂದ ಅಲ್ಲಿ ಹತ್ತರಲ್ಲಿ ಆರೇಳು ಬಾರಿಯಾದರೂ ಗ್ರ್ಯಾಬ್ ಸಿಗುತ್ತದೆ. ನಮ್ಮ ಊರಿನ ಬೇರಾವ ಮಾರ್ಥ್‌ಗೂ ಅಷ್ಟು ಸಿಗುವುದನ್ನು ನಾನು ಕಂಡಿಲ್ಲ.

ಹಣದ ವಿಷಯ. ಗೇಟಿಗೆ (ಕೋಲಿನ ಸುತ್ತಲಿನ ಚೌಕಟ್ಟಿಗೆ) ಗೀರು ಹಾಕಿಸಿದ, ಒಳಗಿನ ಬೋರ್ಡ್ ಬದಲಿಸಿದ ಕಂಟ್ರೋಲರ್‌ಗೆ ಸುಮಾರು 200 ಡಾಲರ್ ಹೋಯಿತು. ಶೀಲ್ಡ್ ಡ್ರಾಪ್‌ಗೆ (ಶೀಲ್ಡ್ ಹಿಡಿದೇ ತೇಲುವ ಪ್ಲಾಟ್‌ಫಾರ್ಮ್‌ನಿಂದ ಕೆಳಗಿಳಿಯುವುದಕ್ಕೆ) ಅದು ಬಹಳ ಒಳ್ಳೆಯದು, ಈ ಫೇರ್‌ಗೆ ಮಾತ್ರ ಏನೂ ಸಹಾಯವಾಗಲಿಲ್ಲ. ತರಬೇತಿ ಕೊಡುವ ಒಬ್ಬರಿಗೆ ಗಂಟೆಗೆ 30 ಡಾಲರ್‌ನಂತೆ ಕೆಲವು ವಾರ ಕೊಟ್ಟೆ. ಅವರೂ ನೆಲದ ಆಟವನ್ನೇ ಕಲಿಸಿದರು. ನಿಜವಾಗಿ ಕೆಲಸಕ್ಕೆ ಬಂದದ್ದು ಪುಕ್ಕಟೆಯಾಗಿ ಸಿಗುವ ಅಂಕಲ್‌ಪಂಚ್ ಟ್ರೈನಿಂಗ್ ಮೋಡ್ ಮತ್ತು 2020ರಲ್ಲಿ ಸ್ಲಿಪ್ಪಿಗೆ (ಮೆಲೀಯನ್ನು ಆನ್‌ಲೈನ್‌ನಲ್ಲಿ ಆಡಿಸುವ ತಂತ್ರಾಂಶಕ್ಕೆ) ರೋಲ್‌ಬ್ಯಾಕ್ (ಜಾಲದ ವಿಳಂಬವನ್ನು ಮರೆಸುವ ವ್ಯವಸ್ಥೆ) ಬಂದ ಮೇಲೆ ರಾತ್ರಿಯಿಡೀ ಸಿಗತೊಡಗಿದ ಫಾಕ್ಸ್‌ಗಳು. ಟ್ರೈನಿಂಗ್ ಮೋಡ್‌ನಲ್ಲಿ ಶೀಲ್ಡ್‌ಗೆ ತಗಲುವ ಫೇರ್ ಮತ್ತು ಗಾಳಿಗೆ ಹೋಗುವ ಫೇರ್ ಎರಡರ ಎಲ್-ಕ್ಯಾನ್ಸಲ್ ಲಯವನ್ನೂ ಬೇರೆಬೇರೆಯಾಗಿ ಕೂರಿಸಿಕೊಳ್ಳಬೇಕು, ಏಕೆಂದರೆ ತಗುಲಿದಾಗ ಇಬ್ಬರೂ ಆರೇಳು ಫ್ರೇಮ್ ಸ್ತಬ್ಧರಾಗುತ್ತಾರೆ.

ಈ ನಡುವೆ ಬೇರೆ ಪ್ರಯೋಗಗಳನ್ನೂ ಮಾಡಿದೆ. ಒಂದೇ ನೆಗೆತದಲ್ಲಿ ಎರಡು ಫೇರ್ ಹೊಡೆಯುವಾಗ ಮೊದಲನೆಯದನ್ನು ಬೇಕೆಂದೇ ಶೀಲ್ಡ್‌ನ ಮುಂದೆ ಖಾಲಿ ಬಿಟ್ಟರೆ, ಅವಸರದ ಫಾಕ್ಸ್ ಶೀಲ್ಡ್ ಬಿಟ್ಟು ಬಂದು ಎರಡನೆಯದಕ್ಕೆ ಸಿಗುತ್ತಾನೆ, ತಾಳ್ಮೆಯವನು ಸಿಗುವುದಿಲ್ಲ. ಟ್ರಿಗರ್ ಅನ್ನು ಅರ್ಧ ಒತ್ತಿ ಲೈಟ್ ಶೀಲ್ಡ್ ಹಿಡಿಯುವವರ ಮೇಲೆ ಸ್ಟನ್ ಹೆಚ್ಚಾದರೂ ಅವರು ದೂರ ಜಾರುವುದರಿಂದ ಮುಂದಿನ ಗ್ರ್ಯಾಬ್ ಕೈತಪ್ಪುತ್ತದೆ. ಅಂಥವರ ಮೇಲೆ ಹಿಂದೆ ಸರಿಯುವುದನ್ನು ಅರ್ಧಕ್ಕಿಳಿಸುತ್ತೇನೆ. ಇದೇ ಸರಣಿಯ ನಂತರದ ಆಟವಾದ ಅಲ್ಟಿಮೇಟ್‌ನಲ್ಲೂ ಇದನ್ನು ಪ್ರಯತ್ನಿಸಿದೆ. ಅಲ್ಲಿ ಎಲ್-ಕ್ಯಾನ್ಸಲ್ ಇಲ್ಲ, ಗಾಳಿಯ ಹೊಡೆತಗಳ ಶೀಲ್ಡ್ ಸ್ಟನ್ ಅನ್ನೂ ಕಡಿತಗೊಳಿಸಿದ್ದಾರೆ. ಅಂತರದ ಪಾಠ ಅಲ್ಲಿಯೂ ಉಪಯೋಗಕ್ಕೆ ಬಂದಿತು, ಕಾಲದ ಪಾಠವನ್ನು ಹೊಸದಾಗಿ ಕಲಿಯಬೇಕಾಯಿತು.

ಪ್ಲಾಟ್‌ಫಾರ್ಮ್ ಮೇಲೆ ನಿಂತ ಫಾಕ್ಸ್‌ಗೆ ಈ ವಿಧಾನ ಸಲ್ಲದು. ಅವನು ಶೀಲ್ಡ್ ಡ್ರಾಪ್ ಮಾಡಿ ನೇರವಾಗಿ ಕೆಳಗಿಳಿದು ಹೊಡೆಯುತ್ತಾನೆ, ಹಿಂದೆ ಸರಿದ ಮಾರ್ಥ್ ಆ ಹೊಡೆತದ ದಾರಿಯಲ್ಲೇ ಇಳಿಯುತ್ತಿರುತ್ತಾನೆ. ಅಲ್ಲಿ ನಾನು ಕೆಳಗೇ ನಿಂತು ಅಪ್ ಟಿಲ್ಟ್‌ನಿಂದ (ಮೇಲಕ್ಕೆ ಬೀಸುವ ಹೊಡೆತದಿಂದ) ಅವನನ್ನು ಮೇಲೆಯೇ ತಡೆದಿಡುತ್ತೇನೆ.